ಭೈರಮ್ಮನ ಕೈ ಸೇರಿದ ವಿಲ್

ಚಿಕ್ಕನಾಯಕನಹಳ್ಳಿಯಲ್ಲಿ ನಮ್ಮ ತಾತ ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ಶುರುಮಾಡಿದ ವಕೀಲರ ಕಚೇರಿಯನ್ನು ಮೂರು ವರ್ಷದ ಹಿಂದೆ ನಾನೇ ಖಾಲಿ ಮಾಡಿಸಿದೆ. ಹೆಂಚಿನ ಕಟ್ಟಡ ಬೀಳುವಂತಿತ್ತು. ಮೂರು ತಲೆಮಾರಿನ ಕಕ್ಷಿದಾರರು ಕೂತು ಕೂತು ಜಗಲಿಯ ಬೆಂಚು ಕನ್ನಡಿಯಂತೆ ನುಣುಪಾಗಿತ್ತು. ತಾತ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅವರ ಕೋಣೆಯ ಬೀರುಗಳು ಹಿಂದಿನ ದಿನವೇ ಹೊಸ ಕಚೇರಿಗೆ ಹೋಗಿದ್ದವು. ಅಲ್ಲಿ ಉಳಿದದ್ದು ಬರೀ ನೆಲ.

ಖಾಲಿ ಮಾಡಿಸಿದ ದಿನ ಮಧ್ಯಾಹ್ನ ಎರಡೂವರೆಗೆ ಕೆಂಕೆರೆಯ ಭೈರಮ್ಮ ಬಂದರು. ಅವರ ಗಂಡ ತೆಂಗಿನ ತೋಟವನ್ನು ಹೆಂಡತಿಯ ಹೆಸರಿಗೆ ಬರೆದ ವಿಲ್ ತಾತನ ಬಳಿ ಇಟ್ಟಿದ್ದರು. ಅದಿಲ್ಲದಿದ್ದರೆ ತೋಟ, ಅದು ತನ್ನದೇ ಎಂದು ದಾವೆ ಹೂಡಿದ್ದ ಮೈದುನನ ಪಾಲಾಗುತ್ತಿತ್ತು. ನಾನೂ ಹಳೆಯ ಗುಮಾಸ್ತ ನಜೀರ್ ಸಾಹೇಬರೂ ತಿಂಗಳಿಡೀ ಹುಡುಕಿದರೂ ಸಿಕ್ಕಿರಲಿಲ್ಲ. ಅದನ್ನು ಆ ಮುದುಕಿಗೆ ಹೇಳಲು ಬಾಯಿ ಬಾರದೆ, ನೀರು ತರುವ ನೆಪದಲ್ಲಿ ಹಿತ್ತಲಿಗೆ ಹೋದೆ.

ಮರಳಿದಾಗ ತಾತನ ನಶ್ಯದ ಘಾಟು ಮೂಗಿಗೆ ಬಡಿಯಿತು. ಅಂಥ ಬಿಸಿಲಲ್ಲೂ ಕೋಣೆಯ ಹೊಸ್ತಿಲು ಕಾಲಿಗೆ ತಣ್ಣಗೆ ಕೊರೆಯುತ್ತಿತ್ತು. ಭೈರಮ್ಮ ಒಳಗಿನಿಂದ ಬಂದರು. ಕೈಯಲ್ಲಿ ವಿಲ್ ಇತ್ತು.

"ಯಾರು ಕೊಟ್ರಜ್ಜಿ?"

"ದೊಡ್ಡ ಲಾಯರ್ರೇ ಕಣವ್ವ. ಬಲೇ ಸೊರಗವ್ರೆ, ಪಾಪ."

ನಜೀರ್ ಸಾಹೇಬರು ಖಾಲಿ ಕೋಣೆಯನ್ನು ಇಣುಕಿ ನೋಡಿದರು. ಹಿಂದಿನಂತೆಯೇ ಚಪ್ಪಲಿ ಬಿಟ್ಟು, ಕೈಕಟ್ಟಿ ನಿಂತರು. ಅವರ ಕಣ್ಣು ತುಂಬಿತ್ತು.

ಮೆಟ್ಟಿಲಿಳಿಯುತ್ತಿದ್ದ ಭೈರಮ್ಮ ತಿರುಗಿದರು. "'ಸುಷ್ಮಿ ಉಂಡ್ಲಾ' ಅಂತ ಕೇಳುದ್ರು ಕಣವ್ವ. ನೀನೇ ಇರ್ಬೇಕು ಅಂತ, ಹೂಂ ಅಂದ್ಬುಟ್ಟೆ."

ಆ ವಿಲ್ ಕೋರ್ಟಿನಲ್ಲಿ ನಿಂತಿತು, ತೋಟ ಭೈರಮ್ಮನಿಗೇ ಉಳಿಯಿತು. ಆದರೆ ಆ ದಿನ ನಾನು ಬೆಳಗಿನಿಂದ ಏನೂ ತಿಂದಿರಲಿಲ್ಲ.