ಅಂಗಡಿ ಮುಚ್ಚಿದಾಗ ಬರುವ ಜಾಹೀರಾತು

ಮಾರ್ಚ್ 4, ಬೆಳಗ್ಗೆ 10.20. ಕೃತಕ ಕಾಲು ಮಾಡುವ ಯಜಮಾನರು ಠಾಣೆಗೆ ಬಂದು ಒಂದು ಕಾಲನ್ನು ಮೇಜಿನ ಮೇಲಿಟ್ಟರು. ಮೊಣಕಾಲಿನ ತಿರುಪು ಕಿತ್ತುಬಂದಿತ್ತು.

"ಇದು ನಾನು ಮಾಡಿದ್ದಲ್ಲ ಸರ್. ಹೆಸರು ಮಾತ್ರ ನಂದು."

ಕಾಲಿನ ಮೇಲೆ 'ನಿಲುಗಾಲು' ಎಂದು ಅಚ್ಚು ಒತ್ತಲಾಗಿತ್ತು. ಅದು ಅವರು ನೋಂದಾಯಿಸಿದ ಟ್ರೇಡ್‌ಮಾರ್ಕ್. ಟೀಚರಮ್ಮ ಒಬ್ಬರು ಮೊಬೈಲಿನಲ್ಲಿ ಆ ಹೆಸರು ಹುಡುಕಿ, ಮೊದಲು ಕಂಡ ಜಾಹೀರಾತಿನ ನಂಬರಿಗೆ ಫೋನ್ ಮಾಡಿ ಈ ಕಾಲು ಕೊಂಡಿದ್ದರು. ಮೆಟ್ಟಿಲಿನಲ್ಲಿ ಬಿದ್ದು ಕೈ ಮುರಿದುಕೊಂಡರು. ಸುದ್ದಿ ಹರಡಿ, ಯಜಮಾನರಿಗೆ ಅಳತೆ ಕೊಟ್ಟಿದ್ದ ಮೂವರು ಬೇಡವೆಂದರು. ಮೂವತ್ತು ವರ್ಷದ ಹೆಸರು ಬೀದಿಪಾಲಾದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ.

"ಆ ಪದ ಹುಡುಕಿದೋರಿಗೆ ತನ್ನ ಜಾಹೀರಾತು ಕಾಣೋ ಹಾಗೆ ಬರೀ ದುಡ್ಡು ಕೊಟ್ಟಿದ್ರೆ ಅದು ಸಿವಿಲ್ ಕೋರ್ಟಿನ ಜಗಳ, ಯಜಮಾನ್ರೇ. ಜಾಹೀರಾತಲ್ಲೂ ಕಾಲಿನ ಮೇಲೂ ನಿಮ್ಮ ಹೆಸರೇ ಹಾಕಿದಾನಲ್ಲ, ಅದು ನಮ್ಮ ಕೆಲಸ" ಎಂದರು ಇನ್‌ಸ್ಪೆಕ್ಟರ್. ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರ್ ತಾವೇ ಹುಡುಕಿ ನೋಡಿದರು. ಜಾಹೀರಾತು ಇಲ್ಲ. 1.40ಕ್ಕೆ ಮಹಿಳಾ ಕಾನ್‌ಸ್ಟೇಬಲ್ ಊಟದ ಡಬ್ಬಿ ಬಿಚ್ಚುತ್ತಾ ಹುಡುಕಿದಳು.

"ಸರ್, ಬಂತು!"

ಮೂರಕ್ಕೆ ಮತ್ತೆ ಮಾಯ. ಎಂಟು ದಿನ ಅವಳು ವೇಳೆ ಬರೆದಿಟ್ಟಳು. ಆಮೇಲೆ ಯಜಮಾನರನ್ನು ಕರೆಸಿದರು.

"ಅಂಗಡಿ ಯಾವಾಗ ಮುಚ್ತೀರಾ?"

"ಮಧ್ಯಾಹ್ನ ಒಂದರಿಂದ ಎರಡೂವರೆ. ಸಂಜೆ ಏಳಕ್ಕೆ. ಮಂಗಳವಾರ ರಜ."

ಕಾನ್‌ಸ್ಟೇಬಲ್ ಪಟ್ಟಿಯಲ್ಲೂ ಜಾಹೀರಾತು ಬಂದ ವೇಳೆ ಅದೇ ಇತ್ತು.

"ಏಳನೇ ತಾರೀಕು?"

"ಭಾವನಿಗೆ ಆಪರೇಷನ್ ಇತ್ತು. ತೆಗೀಲೇ ಇಲ್ಲ."

ಅಂದು ಜಾಹೀರಾತು ದಿನವಿಡೀ ಬಂದಿತ್ತು. ಅಂದರೆ ಯಾರೋ ಷಟರ್ ನೋಡಿಕೊಂಡೇ ಜಾಹೀರಾತು ಹಾಕುತ್ತಿದ್ದರು. ಪೊಲೀಸರು ಕೇಳಿದಾಗ ಜಾಹೀರಾತು ಕಂಪನಿ ಕೊಟ್ಟ ವಿಳಾಸವೂ ಅಂಗಡಿಯ ಎದುರು ಓಣಿಯದೇ.

ಮಾರ್ಚ್ 19, ಬೆಳಗ್ಗೆ 11.05. ಜಪ್ತಿಗೆ ಮೊದಲು ಬೇಕಾದ ಟ್ರೇಡ್‌ಮಾರ್ಕ್ ಕಚೇರಿಯ ಅಭಿಪ್ರಾಯ ಪತ್ರ ಹಿಡಿದು ಪೊಲೀಸರು ಓಣಿಯ ಶೆಡ್ಡಿಗೆ ಹೋದರು. ಎತ್ತರದ ಆಳೊಬ್ಬ ಕಾಲಿಗೆ ಉಪ್ಪುಕಾಗದ ಉಜ್ಜುತ್ತಿದ್ದ. ಓಡಲಿಲ್ಲ. ಹೆಸರಿನ ಅಚ್ಚನ್ನೂ ಎರಡು ಕಾಲುಗಳನ್ನೂ ಪಂಚನಾಮೆ ಮಾಡಿ ಜಪ್ತಿ ಮಾಡಿದರು.

"ಈ ಕೆಲಸ ಎಲ್ಲಿ ಕಲ್ತೆ?" ಎಂದರು ಇನ್‌ಸ್ಪೆಕ್ಟರ್.

"ಯಜಮಾನರ ಹತ್ರವೇ. ಇಪ್ಪತ್ತೆರಡು ವರ್ಷ ಇದ್ದೆ. ಅವರ ಮಗ ಕೆಲಸಕ್ಕೆ ಬಂದ ಮೇಲೆ ನಾನು ಬೇಡವಾದೆ."

"ಅಂಗಡಿ ಮುಚ್ಚಿದಾಗ ಮಾತ್ರ ಯಾಕೆ?"

"ಅವರು ಕೂತಿರುವಾಗ ಅವರ ಗಿರಾಕಿ ಕರೆಯೋಕೆ ಮನಸ್ಸಾಗಲಿಲ್ಲ."

"ಕದಿಯೋದ್ರಲ್ಲೂ ನಿಯತ್ತು ನೋಡಿ!" ಎಂದು ಕಾನ್‌ಸ್ಟೇಬಲ್ ನಕ್ಕಳು. ಬೇರೆ ಯಾರೂ ನಗಲಿಲ್ಲ.

"ತಿರುಪು?"

"ಅಗ್ಗದ್ದು ಹಾಕ್ದೆ. ಅದು ನನ್ನ ತಪ್ಪೇ ಸರ್."

"ನಿನ್ನ ಹೆಸರಲ್ಲೇ ಜಾಹೀರಾತು ಹಾಕಬಹುದಿತ್ತಲ್ಲ?"

"ಮೂರು ತಿಂಗಳು ಹಾಕಿದ್ದೆ. ನನ್ನ ಹೆಸರನ್ನ ಯಾರು ಹುಡುಕ್ತಾರೆ ಸರ್?"

ಸಂಜೆ 4.15. ಗುರುತು ಹಿಡಿಯಲು ಯಜಮಾನರು ಠಾಣೆಗೆ ಬಂದರು. ಸಿಟ್ಟು ಇಳಿದಿರಲಿಲ್ಲ.

"ಇವನೇ. ನಮ್ಮ ಲಂಬು."

ಬಂಧನದ ಮೆಮೊ ಬರೆಯುತ್ತಿದ್ದ ರೈಟರ್ ತಲೆ ಎತ್ತಿದ. "ಅಡ್ಡಹೆಸರು ಬೇಡ. ಸರಿಯಾದ ಹೆಸರು ಹೇಳಿ."

ಯಜಮಾನರು ಇಪ್ಪತ್ತೆರಡು ವರ್ಷ ಎದುರುಬದುರು ಕೂತು ಕೆಲಸ ಮಾಡಿದವನನ್ನು ನೋಡಿದರು.

"ನೀನೇ ಹೇಳಪ್ಪಾ" ಎಂದರು.

ಅವನು ಹೇಳಿದ. ರೈಟರ್ ಬರೆದುಕೊಂಡ. ಯಜಮಾನರು ಆ ಹೆಸರನ್ನು ಕೇಳಿದ್ದು ಅಂದೇ ಮೊದಲು.