ಹೊರಗಿನ ಚಿಲಕ

ಕಮ್ಮರಡಿ ಬಸ್ ಸ್ಟ್ಯಾಂಡಿನ ಎದುರು ಜೀಪು ನಿಂತ ಸದ್ದಿಗೇ ಸುಮನಾ ಕಂಬದ ಮರೆಗೆ ಸರಿದಳು. ಆ ಬ್ರೇಕಿನ ಕಿರುಚಾಟ ಯಾರದೆಂದು ತಿರುಗಿ ನೋಡಬೇಕಾಗಿರಲಿಲ್ಲ.

"ಕಂಬ ಸಣ್ಣದಾಯ್ತು ಮಾರಾಯ್ತಿ. ಜಡೆ ಪೂರ್ತಿ ಹೊರಗಿದೆ."

ಯೋಗೇಶ ಇಳಿದು ಬಂದ. ಅಂಗಿಯ ತೋಳಿಗೆ ಹಲಸಿನ ಮೇಣ, ತುಟಿಯ ಒಂದೇ ತುದಿಯಲ್ಲಿ ನಗು. ಹಪ್ಪಳ ಒತ್ತುತ್ತಾ ಎರಡು ವರ್ಷ ಅವಳು ಓರೆಗಣ್ಣಲ್ಲಿ ನೋಡಿಕೊಂಡು ಬಂದ ನಗು ಅದು. ಇವತ್ತು ಅದನ್ನು ಕಂಡು ಕಂಬಕ್ಕೆ ಇನ್ನಷ್ಟು ಒತ್ತಿಕೊಂಡಳು.

"ನಾಲ್ಕು ದಿನದಿಂದ ಕೆಲಸಕ್ಕೆ ಬರ್ಲಿಲ್ಲ. ಜ್ವರನಾ, ಕೋಪನಾ?"

"ಎಂತೂ ಇಲ್ಲ."

"ಎಂತೂ ಇಲ್ಲದವರು ಕೊಪ್ಪದ ಬಸ್ಸಿಗೆ ಯಾಕೆ ಕಾಯ್ತಾರೆ?"

"ಅಲ್ಲಿ ಸೀರೆ ಅಂಗಡಿಲಿ ಕೆಲಸ ಇದೆಯಂತೆ."

ತುಟಿಯ ತುದಿಯ ನಗು ಆರಿತು.

ಮುಚ್ಚಿಹೋಗಿದ್ದ ಒಂದು ಅಕ್ಕಿ ಗಿರಣಿಯನ್ನು ಹಿಡಿದು ಯೋಗೇಶ ಹಲಸಿನ ಹಪ್ಪಳದ ಕೆಲಸ ಶುರುಮಾಡಿದ್ದ. ಬೇಸಿಗೆಯಲ್ಲಿ ಮೋಡ ಕವಿದರೂ ಹಪ್ಪಳ ಒಣಗಲಿ ಎಂದು ಗಿರಣಿಯೊಳಗೆ ಒಂದು ಬಿಸಿ ಕೋಣೆ ಕಟ್ಟಿಸಿದ್ದ. ಹೊರಗೆ ಸೌದೆ ಒಲೆ, ಒಳಗೆ ಕಬ್ಬಿಣದ ತಟ್ಟೆಗಳ ಸಾಲು. ಹಪ್ಪಳ ಚೆನ್ನಾಗಿತ್ತು. ಶೃಂಗೇರಿ, ನರಸಿಂಹರಾಜಪುರದ ಅಂಗಡಿಯವರು ಕೇಳಿ ಕೇಳಿ ತರಿಸಿಕೊಳ್ಳುತ್ತಿದ್ದರು. ಆದರೆ ಒಂದು ಕೆಲಸ ಕಾಲೂರುವ ಮೊದಲೇ ಅವನ ಮನಸ್ಸು ಇನ್ನೊಂದಕ್ಕೆ ಹಾರುತ್ತಿತ್ತು. ಪ್ರವಾಸಿಗಳಿಗೆ ಜೀಪು. ಅಟ್ಟದ ಮೇಲೆ ಹೋಂಸ್ಟೇ. ಅಣಬೆ. ಈಗ ಜೇನು.

ಪ್ರತಿಸಲವೂ ಅವನು ಮೊದಲು ಬಂದು ನಿಲ್ಲುತ್ತಿದ್ದದ್ದು ಅವಳ ಮುಂದೆಯೇ. "ಸುಮನಾ, ಹೊಸದೊಂದು ಐಡಿಯಾ!" ಆಗ ಹೊಳೆಯುವ ಆ ಕಣ್ಣುಗಳಿಗೆ ಬೇಡ ಎನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಹಿಂದಿನ ಕೊಟ್ಟಿಗೆಯಲ್ಲಿ ನೋಡುವವರಿಲ್ಲದೆ ಕಪ್ಪಗಾಗಿ ನೇತಾಡುತ್ತಿದ್ದ ಅಣಬೆ ಚೀಲಗಳನ್ನೂ ಅವಳು ದಿನಾ ನೋಡುತ್ತಿದ್ದಳು.

ಕೆಲಸಕ್ಕೆ ಹೋದ ಕೊನೆಯ ದಿನ ಅವಳು ಬಿಸಿ ಕೋಣೆಯ ಕೊನೆಯ ಸಾಲಿನಲ್ಲಿ ಹಪ್ಪಳ ತಿರುಗಿಸುತ್ತಿದ್ದಳು. ಹೊರಗೆ ಯೋಗೇಶ ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು ಅವಸರದಲ್ಲಿ ಹೋಗುತ್ತಿದ್ದ. "ಐದೇ ನಿಮಿಷ ಸರ್, ಜೀಪ್ ತಂದೆ." ಬಾಗಿಲು ಅರ್ಧ ತೆರೆದಿದ್ದದ್ದು ಕಣ್ಣಿಗೆ ಬಿತ್ತು, ಬಿಸಿ ಹೋಗುತ್ತದಲ್ಲ ಎಂದು ಎಳೆದು ಹೊರಗಿನಿಂದ ಚಿಲಕ ಹಾಕಿದ. ಒಳಗೆ ಇಣುಕಲಿಲ್ಲ.

ಅವಳು ಕೂಗಿದಳು. ಜೀಪು ಹೊರಟ ಸದ್ದಿನಲ್ಲಿ ಆ ಕೂಗು ಮುಳುಗಿತು.

ಈಗ ತೆಗೆಯುತ್ತಾರೆ, ಈಗ ತೆಗೆಯುತ್ತಾರೆ ಎಂದುಕೊಂಡಳು. ಗಂಟಲು ಒಣಗಿತು. ಬಾಗಿಲು ಮುಟ್ಟಿದರೆ ಕೈ ಚುರ್ರೆಂದಿತು. ತಟ್ಟೆ ಎತ್ತಿ ಬಡಿದಳು, ಬಡಿದಳು, ಕೊನೆಗೆ ತಟ್ಟೆ ಎತ್ತಲೂ ಆಗಲಿಲ್ಲ. ಬಾವಿಕಟ್ಟೆಯಲ್ಲಿ ಕೈಯ ಮೇಣ ತೊಳೆಯುತ್ತಿದ್ದ ಕರಿಯಕ್ಕ, ಹಲಸು ಬಿಡಿಸಲು ಬರುವ ಮುದುಕಿ, ಬಡಿತ ಕೇಳಿ ಓಡಿಬಂದು ಚಿಲಕ ತೆಗೆದಾಗ ಸುಮನಾ ತಣ್ಣನೆಯ ನೆಲಕ್ಕೆ ಕೆನ್ನೆಯಿಟ್ಟು ಬಿದ್ದುಬಿಟ್ಟಳು.

"ಯಾರಿಗೂ ಹೇಳ್ಬೇಡ ಕರಿಯಕ್ಕ. ಅವರಿಗೂ."

ಸಾಯುತ್ತಿದ್ದವಳು ಎದ್ದು ಕೂತು ಮೊದಲು ಯೋಚಿಸಿದ್ದು ಅವನ ಹೆಸರು ಕೆಡಬಾರದೆಂದು. ಅದು ನೆನಪಾದಾಗಲೆಲ್ಲ ಅವಳಿಗೆ ಆ ಕೋಣೆಗಿಂತ ತನ್ನ ಮೇಲೆಯೇ ಹೆಚ್ಚು ಭಯವಾಗುತ್ತಿತ್ತು.

"ಸುಮನಾ," ಯೋಗೇಶ ಬಸ್ ಸ್ಟ್ಯಾಂಡಿನ ನೆಲ ನೋಡುತ್ತಾ ಹೇಳಿದ, "ನೀನಿಲ್ಲದೆ ಅಲ್ಲಿ ನಂಗೆ ಕೈಕಾಲೇ ಆಡಲ್ಲ. ಕೆಲಸಕ್ಕಂತ ಅಲ್ಲ. ನಂಗೆ ನೀನು ಬೇಕು."

ಎರಡು ವರ್ಷ ಕಾದ ಮಾತು. ಬಂದಾಗ ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಜೀಪು, ರೂಮು, ಅಣಬೆ, ಜೇನು. ಆಮೇಲೆ ನಾನಾ?"

ಅವನು ನಕ್ಕ. ಅವಳು ನಗಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ, ಪಕ್ಕದವರಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಬಾಗಿಲು, ಚಿಲಕ, ತಟ್ಟೆ, ಕರಿಯಕ್ಕ, ಎಲ್ಲವನ್ನೂ ಹೇಳಿದಳು.

ಅವನ ಮುಖ ಬಿಳಿಚಿಕೊಂಡಿತು. ಬಾಯಿ ತೆರೆದ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಅವನ ಕೈ ತಾನಾಗಿ ಅದನ್ನು ಕಿವಿಗೊಯ್ದಿತು.

"ಹಾಂ ಸರ್... ಐದು ನಿಮಿಷ..."

ತಾನೇನು ಮಾಡಿದೆ ಎಂದು ಅವನಿಗೆ ಹೊಳೆಯುವಷ್ಟರಲ್ಲಿ ಬಸ್ಸು ಅವಳನ್ನು ಹತ್ತಿಸಿಕೊಂಡು ತಿರುವು ದಾಟಿತ್ತು.

ಕೊಪ್ಪದ ಅಂಗಡಿಯಲ್ಲಿ ಸುಮನಾ ಸೀರೆ ಮಡಚುತ್ತಿದ್ದಳು. ಹಿಂದಿನ ಗೋದಾಮಿಗೆ ಹೋದರೆ ಬಾಗಿಲಿಗೆ ಸ್ಟೂಲು ಒಡ್ಡಿಟ್ಟೇ ಒಳಗೆ ಕಾಲಿಡುತ್ತಿದ್ದಳು. ಒಂದು ದಿನ ಯೋಗೇಶ ಬಸ್ಸಿನಲ್ಲಿ ಬಂದ, ಗಡ್ಡ ಬಿಟ್ಟುಕೊಂಡು.

"ಜೀಪು ಮಾರಿದೆ. ರೂಮು ಬಂದ್ ಮಾಡಿದೆ. ಜೇನುಪೆಟ್ಟಿಗೆ ಭಾವನ ಮನೆಗೆ ಹೋಯ್ತು. ಈಗ ಹಪ್ಪಳ, ನೀನು. ಎರಡೇ."

ಖುಷಿಯಾಗಬೇಕಿತ್ತು. ಆಗಲಿಲ್ಲ.

"ಬಿಡೋದು ನಿಮಗೆ ಯಾವಾಗ್ಲೂ ಸುಲಭ. ನಂಗೆ ಹೆದರಿಕೆ ಅದಕ್ಕೇ."

ಅವನು ಎದುರಿದ್ದ ಸೀರೆಯ ಅಂಚನ್ನು ಹಿಡಿದು ನಿಂತ. ಅಂಗಡಿಯ ಯಜಮಾನಿ ಅರ್ಪಣಾ ಕನ್ನಡಕದ ಮೇಲಿಂದ ನೋಡಿದಳು. "ಸೀರೆ ತಗೊಳ್ತೀರಾ, ಬರೀ ಹಿಡ್ಕೊಂಡಿರ್ತೀರಾ?"

"ಹಂಗಾದ್ರೆ ನಾನೆಂತ ಮಾಡ್ಲಿ?" ಅವನು ಸುಮನಾಳನ್ನು ಕೇಳಿದ.

"ಈ ಸಲದ ಹಲಸು ಮುಗಿಯೋವರೆಗೆ ಒಲೆ ಮುಂದೆ ಕೂತ್ಕೊಳ್ಳಿ. ನಂಗಾಗಿ ಅಲ್ಲ. ಆ ಕೋಣೆ ಒಳಗೆ ಹೋಗೋರಿಗಾಗಿ."

ಕೂತನಂತೆ. ಕರಿಯಕ್ಕ ಮೊಮ್ಮಗಳ ಫೋನಿನಿಂದ ವರದಿ ಒಪ್ಪಿಸುತ್ತಿದ್ದಳು. "ಬೇರು ಬಿಟ್ಟಂಗೆ ಕೂತಿದಾನೆ ಕಣೇ. ಒಳಗೆ ಯಾರಿದೀರಿ ಅಂತ ಕೇಳಿ ಕೇಳಿ ನಮ್ಮ ತಲೆ ತಿಂತಾನೆ."

ಆಮೇಲೊಂದು ದಿನ ಅವಳ ದನಿ ತಗ್ಗಿತು. "ಶೃಂಗೇರಿಯಿಂದ ಲಾಡ್ಜಿನವರೊಬ್ರು ಬಂದಿದ್ರು. ಕ್ಯಾಂಟೀನು ನೀನೇ ನಡೆಸು ಅಂದ್ರು. ಆಗಲ್ಲ ಅಂದ ಮಾರಾಯ್ತಿ! ಅವರು ಹೋದ ಮೇಲೆ ಎಷ್ಟೊತ್ತು ರಸ್ತೆನೇ ನೋಡ್ತಿದ್ದ. ಆಸೆ ಇತ್ತು, ಪಾಪ. ಆದ್ರೂ ಏಳ್ಲಿಲ್ಲ."

ಸುಮನಾ ಸೀರೆ ಮಡಚುವುದನ್ನು ನಿಲ್ಲಿಸಿದಳು. ಬೇಡವಾದದ್ದನ್ನು ಅವನು ಬಿಡುವುದು ಅವಳಿಗೆ ಗೊತ್ತಿತ್ತು. ಬೇಕಾದದ್ದನ್ನು ಬಿಟ್ಟು ಕೂತದ್ದು ಇದೇ ಮೊದಲು.

ಹಲಸು ಮುಗಿಯುತ್ತಾ ಬಂದಿದ್ದ ವಾರದಲ್ಲಿ, ಅಂಗಡಿಗೆ ರಜೆಯಿದ್ದ ದಿನ, ಅವಳು ಗಿರಣಿಗೆ ಬಂದಳು. ಯೋಗೇಶ ಒಲೆಗೆ ಸೌದೆ ನೂಕುತ್ತಿದ್ದ. ಹುಬ್ಬಿನ ತುದಿ ಸುಟ್ಟು ಕೆಂಪಾಗಿತ್ತು. ಅವಳನ್ನು ಕಂಡು ಎದ್ದವನು ಮತ್ತೆ ಕೂತ.

"ಹಪ್ಪಳ ತಿರುಗಿಸೋ ಹೊತ್ತು," ಎಂದಳು.

"ನಾನು ಹೋಗ್ತೀನಿ, ನೀನು ಬೇಡ."

"ಇಲ್ಲ. ನಾನು ಹೋಗಿ ನೋಡ್ಬೇಕು."

ಅವನು ಬಾಗಿಲನ್ನು ಪೂರ್ತಿ ತೆರೆದು, ಅದಕ್ಕೆ ಬೆನ್ನು ಕೊಟ್ಟು ನಿಂತ. "ಇಲ್ಲೇ ಇರ್ತೀನಿ."

"ಬಿಸಿ ಹೋಗತ್ತೆ."

"ಹೋಗ್ಲಿ."

ಹೊಸ್ತಿಲು ದಾಟಲು ಕಾಲು ಬರಲಿಲ್ಲ. ಉಸಿರು ಬಿಗಿಹಿಡಿದು ದಾಟಿದಳು. ಬಿಸಿ ಮುಖಕ್ಕೆ ಬಡಿಯಿತು. ಒಂದು ತಟ್ಟೆ ತಿರುಗಿಸಿ ಹಿಂದೆ ನೋಡಿದಳು. ಇದ್ದ. ಇನ್ನೊಂದು ತಟ್ಟೆ. ಇದ್ದ.

ರಸ್ತೆಯಲ್ಲಿ ಕಾರಿನ ಹಾರ್ನು. "ಇಲ್ಲಿ ಜೀಪ್ ಸಿಗತ್ತಂತಲ್ಲ?"

ಅವನು ಕದಲದೆ ಕೂಗಿದ. "ಇಲ್ಲ ಸರ್. ಹಪ್ಪಳ ಸಿಗತ್ತೆ. ಅದಕ್ಕೂ ಕಾಯ್ಬೇಕು."

ಅವಳಿಗೆ ನಗು ಬಂತು. "ಬೆನ್ನು ಸುಡ್ತಿಲ್ವಾ?"

"ಸುಡ್ತಿದೆ."

"ಎಷ್ಟು ಹೊತ್ತು ನಿಲ್ತೀರಿ?"

"ನೀನು ಹೊರಗೆ ಬರೋವರೆಗೆ."

"ನಂಗಿನ್ನೂ ಹೆದರಿಕೆ ಹೋಗಿಲ್ಲ."

"ನಂಗೂ ಹೋಗಿಲ್ಲ. ಆವತ್ತು ಕರಿಯಕ್ಕ ಬರದೇ ಇದ್ದಿದ್ರೆ ಅಂತ..."

ಅವಳು ಹಪ್ಪಳದ ಮೇಲಿಟ್ಟ ಕಣ್ಣು ಎತ್ತಲಿಲ್ಲ. "ನಮ್ಮಮ್ಮನ ಹತ್ರ ಮಾತಾಡೋಕೆ ಯಾವಾಗ ಬರ್ತೀರಿ?"

ಅವನು ಒಮ್ಮೆಲೇ ಒಳಗೆ ಹೆಜ್ಜೆಯಿಡಹೋದ.

"ಅಲ್ಲೇ ನಿಲ್ಲಿ!"

ನಿಂತ. ಸುಡುವ ಬಾಗಿಲಿಗೆ ಬೆನ್ನೊತ್ತಿ, ಕಣ್ಣು ತುಂಬಿಕೊಂಡು, ತುಟಿಯ ಒಂದು ತುದಿಯಲ್ಲಿ ನಗುತ್ತಾ ನಿಂತ.

ಕೊನೆಯ ಸಾಲು ಮುಗಿದಿತ್ತು. ಸುಮನಾ ಹೊರಗೆ ಬರಲಿಲ್ಲ. ಆಗಲೇ ತಿರುಗಿಸಿದ್ದ ಹಪ್ಪಳವನ್ನು ಮತ್ತೊಮ್ಮೆ, ನಿಧಾನಕ್ಕೆ, ಈ ಸಲ ಹಿಂದೆ ನೋಡದೆ, ತಿರುಗಿಸತೊಡಗಿದಳು.