ದಣಿವಿನ ಹಾರ

ಹಾರವನ್ನು ಕೊರಳಿಗೆ ಹಾಕಿಸಿಕೊಂಡ ಕ್ಯಾಪ್ಟನ್ ರವಿರಾಜ ಬಲ್ಲಾಳರು ಕತ್ತನ್ನು ಎಡಕ್ಕೂ ಬಲಕ್ಕೂ ತಿರುಗಿಸಿ, "ಏನೂ ಆಗುವುದಿಲ್ಲ ಮಾರಾಯ್ರೆ!" ಎಂದು ನಕ್ಕರು.

ನಾಯಕರಿಗೆ ಹಾರ ಹೊಸದಲ್ಲ. ಆದರೆ ಇದು ಹೂವಿನದಲ್ಲ, ಲೋಹದ್ದು. ದಣಿದ ದೇಹದ ನರಗಳಲ್ಲಿ ಒಂದು ಬಗೆಯ ಮಂದವಾದ ಅಲೆ ಹುಟ್ಟುತ್ತದೆ. ಅದನ್ನು ಕಂಡುಹಿಡಿದ ಮೈಸೂರಿನ ಡಾ. ನಾಗಲಾಂಬಿಕೆ ಅದಕ್ಕೆ 'ಶ್ರಾಂತಿ ತರಂಗ' ಎಂದು ಹೆಸರಿಟ್ಟಿದ್ದರು. ಯಾವುದೇ ಸಂಘದ ಸದಸ್ಯರು ಮುಂಗೈಗೆ ಕಟ್ಟಿಕೊಂಡ 'ಶ್ರಾಂತಿಗ್ರಾಹಕ'ಗಳು ಈ ಅಲೆಗಳನ್ನು ಹಿಡಿದು ಉಪಗ್ರಹಕ್ಕೆ ಕಳಿಸುತ್ತವೆ. ಉಪಗ್ರಹವು ಎಲ್ಲರ ದಣಿವನ್ನೂ ಕೂಡಿಸಿ, ಸಾರ ತೆಗೆದು, ಪ್ರತಿನಿಧಿಯ ಕೊರಳಿನ ಹಾರಕ್ಕೆ ಇಳಿಸುತ್ತದೆ. ಇನ್ನೊಬ್ಬರ ಪರವಾಗಿ ಮಾತಾಡುವವರು ಮಾತುಕತೆಯ ಹೊತ್ತಿನಲ್ಲಿ ಇದನ್ನು ಧರಿಸಲೇಬೇಕೆಂದು ಆ ವರ್ಷ ಕಾಯ್ದೆಯಾಗಿತ್ತು. ಶಾಸಕರಿಗೆ ಮಾತ್ರ ವಿನಾಯಿತಿ. ಕಾಯ್ದೆ ಬರೆದವರು ಅವರೇ ಆದ್ದರಿಂದ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

"ಸದ್ಯಕ್ಕೆ ದೊಡ್ಡ ವಿಮಾನ ನಡೆಸೋರ ದಣಿವನ್ನ ಮಾತ್ರ ಹಾರದೊಳಕ್ಕೆ ಬಿಟ್ಟಿದೀನಿ ಸಾರ್," ಎಂದರು ನಾಗಲಾಂಬಿಕೆ.

"ಕಂಡಿರಾ? ನಮಗೆ ದಣಿವೇ ಇಲ್ಲ!"

"ಹಾಗಲ್ಲ ಸಾರ್. ನೀವೂ ಅವರಲ್ಲೊಬ್ಬರು. ನಮ್ಮ ಮನೆ ಒಗ್ಗರಣೆ ಘಾಟು ನಮಗೆ ಗೊತ್ತಾಗುತ್ಯೇ?"

ಈ ಮಾತು ಬಲ್ಲಾಳರ ಕಿವಿಗೆ ಬೀಳಲಿಲ್ಲ. ಬೇಡದ ಮಾತು ಕಿವಿಗೆ ಬೀಳದಂತೆ ನೋಡಿಕೊಳ್ಳುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು. ಗಗನಗಾಮಿ ವಿಮಾನ ಸಂಸ್ಥೆಯ ಚಾಲಕರ ಸಂಘಕ್ಕೆ ಅವರು ಇಪ್ಪತ್ತು ವರ್ಷಗಳಿಂದ ಅಧ್ಯಕ್ಷರು.

ಆ ಸಂಸ್ಥೆಯಲ್ಲಿ ಎರಡು ಬಗೆಯ ವಿಮಾನಗಳಿದ್ದವು. ಸಮುದ್ರ ದಾಟುವ ದೊಡ್ಡವು ಒಂದು ಬಗೆ. ಬೀದರ್, ಕಲಬುರಗಿ, ಬಳ್ಳಾರಿ, ಹುಬ್ಬಳ್ಳಿ ಎಂದು ಹಾರಿ ಹಾರಿ ಇಳಿಯುವ ಸಣ್ಣವು ಇನ್ನೊಂದು ಬಗೆ. ಅವಕ್ಕೆ 'ಗುಬ್ಬಿ' ಎಂದು ಹೆಸರು. ಸಂಘ ಮಾತ್ರ ಒಂದೇ. ನಮ್ಮಲ್ಲಿ ಇಷ್ಟು ಜನ ಇದ್ದೇವೆಂದು ಆಡಳಿತದವರನ್ನು ಹೆದರಿಸುವಾಗ ಗುಬ್ಬಿಯವರೂ ಲೆಕ್ಕಕ್ಕೆ ಬರುತ್ತಿದ್ದರು. ಮಾತುಕತೆಯ ಮೇಜಿನ ಸುತ್ತ ಕೂರುವಾಗ ಬರುತ್ತಿರಲಿಲ್ಲ. ಅಲ್ಲಿ ಸಂಘಕ್ಕೆ ಇದ್ದದ್ದು ಒಂದೇ ಕುರ್ಚಿ. ದೊಡ್ಡ ವಿಮಾನ ನಡೆಸುವವರೇ ಅದರಲ್ಲಿ ಕೂರಬೇಕೆಂಬುದು ಸಂಘದ ಹಳೆಯ ನಿಯಮ.

ಗುಬ್ಬಿಯ ಕ್ಯಾಪ್ಟನ್ ಸುವರ್ಣಾ ಹಡಪದ ಆ ಕುರ್ಚಿಯನ್ನು ಕೇಳಲೆಂದೇ ಬಂದಿದ್ದಳು. ಗುಬ್ಬಿಯವರು ದಿನಕ್ಕೆ ಐದು ಹಾರಾಟ ಮಾಡುವ ಬದಲು ಏಳು ಮಾಡಬೇಕೆಂದು ಆಡಳಿತ ಹೊರಟಿತ್ತು. ಮರುದಿನವೇ ಮಾತುಕತೆ.

"ಸುಮ್ಮನೆ ತಲೆಬಿಸಿ ಮಾಡ್ಬೇಡಿ. ನಿಮ್ಮ ಪರವಾಗಿ ನಾನುಂಟಲ್ಲ?" ಎಂದರು ಬಲ್ಲಾಳರು.

"ನೀವು ಅದೀರಿ ಅಂತನ ಹೆದರಿಕಿರಿ ಸರ್," ಎಂದಳು ಸುವರ್ಣಾ. "ನೀವು ಮೇಜು ಗುದ್ದತೀರಿ, ಒಂದು ತಾಸು ಭಾಷಣ ಮಾಡತೀರಿ, ಕಾಫಿ ಬರೂದ್ರಾಗ ಎಲ್ಲಾ ಒಪ್ಪಿಕೊಂಡು ಬರತೀರಿ. ಈಗ ಐದನೇ ಸಲ ಇಳಿಸೂವಾಗನ ರನ್‌ವೇ ಎರಡೆರಡು ಕಾಣತೈತಿ. ಏಳನೇದಕ್ಕ ಯಾವುದರ ಮ್ಯಾಲ ಇಳಸೋಣ್ರಿ? ನೀವು ಒಮ್ಮೆ ಏರಿದ್ರ ಲಂಡನ್ನಿನ್ಯಾಗ ಇಳಿದು ದೊಡ್ಡ ಹೋಟೆಲ್‌ನ್ಯಾಗ ಕಾಲು ಚಾಚತೀರಿ. ನಿಮಗೇನು ದಣಿವು?"

ಕೊನೆಗೆ ಒಂದು ಒಪ್ಪಂದವಾಯಿತು. ಹಾರ ಹಾಕಿಕೊಂಡು ಬಲ್ಲಾಳರು ಏಳು ಹಾರಾಟವನ್ನು ತಪ್ಪಿಸಿದರೆ ಗುಬ್ಬಿಯವರು ಕುರ್ಚಿಯ ಸುದ್ದಿ ಎತ್ತಬಾರದು. ಸೋತರೆ ನಿಯಮ ತಿದ್ದಿ ಕುರ್ಚಿಯನ್ನು ಸುವರ್ಣಾಳಿಗೆ ಬಿಡಬೇಕು.

"ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಯಾಕೆ? ಆಗಲಿ, ಬಿಡಿ ಅವರ ದಣಿವನ್ನೂ," ಎಂದರು ಬಲ್ಲಾಳರು.

ನಾಗಲಾಂಬಿಕೆ ಗುಂಡಿ ಒತ್ತಿದರು. ಬಲ್ಲಾಳರು ಬಾಯಿ ಅಗಲಿಸಿ ಆಕಳಿಸಿದರು. ಆಕಳಿಕೆ ಅಂಟುರೋಗವಾದ್ದರಿಂದ ಉಳಿದಿಬ್ಬರೂ ಆಕಳಿಸಿದರು.

ಮರುದಿನ ಊಟವಾದ ಮೇಲೆ ಮಾತುಕತೆ. ಗುಬ್ಬಿಗಳೆಲ್ಲ ಮೂರನೆಯ ಹಾರಾಟ ಮುಗಿಸಿ ನಾಲ್ಕನೆಯದಕ್ಕೆ ಏರುವ ಹೊತ್ತು. ಕಾಯ್ದೆಯಂತೆ ಡಾ. ನಾಗಲಾಂಬಿಕೆ ಯಂತ್ರದ ಉಸ್ತುವಾರಿಗೆ ಮೂಲೆಯಲ್ಲಿ ಕೂತಿದ್ದರು. ಸಂಸ್ಥೆಯ ನಿರ್ದೇಶಕ ಧನಂಜಯ ಮುಳ್ಳೂರ ಏಳು ಹಾರಾಟದ ಪ್ರಸ್ತಾಪ ಓದಿ, ಮೇಜು ಗುದ್ದುವುದನ್ನು ನಿರೀಕ್ಷಿಸುತ್ತ ತಮ್ಮ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿಕೊಂಡರು. ಬಲ್ಲಾಳರು ಗುದ್ದಲಿಲ್ಲ. ಅವರ ಕಣ್ಣು ಮುಚ್ಚಿತ್ತು. ತಲೆ ನಿಧಾನವಾಗಿ ಎಡಕ್ಕೆ ವಾಲಿ, ಬಲಕ್ಕೆ ವಾಲಿತು.

ಮೌನ ಸಮ್ಮತಿಯ ಲಕ್ಷಣ ಎಂದು ಹಿರಿಯರು ಹೇಳಿದ್ದಾರೆ. ಮುಳ್ಳೂರರು ಓದಿದವರು, ಸಿಂಗಪುರದಲ್ಲಿ ಸಂಧಾನಕಲೆಯ ತರಬೇತಿ ಪಡೆದವರು. ಎದುರಾಳಿ ಕಣ್ಣು ಮುಚ್ಚಿ ಮೌನವಾಗಿ ಕೂತರೆ ಅದಕ್ಕಿಂತ ದೊಡ್ಡ ನಿರಾಕರಣೆ ಇಲ್ಲವೆಂದು ಅಲ್ಲಿ ಕಲಿಸಿದ್ದರು.

"ಆರು ಮಾಡೋಣವೇ ಕ್ಯಾಪ್ಟನ್?" ಎಂದರು.

ತಲೆ ಎಡಕ್ಕೆ ವಾಲಿತು.

"ಸರಿ, ಈಗಿರುವ ಐದೇ ಇರಲಿ. ಏನಂತೀರಿ?"

ತಲೆ ಬಲಕ್ಕೆ ವಾಲಿತು. ಮೂಗಿನಿಂದ ಗುರುಗುಟ್ಟಿದಂಥ ಸದ್ದೊಂದು ಬಂತು. ಇಪ್ಪತ್ತು ವರ್ಷಗಳಲ್ಲಿ ಬಲ್ಲಾಳರು ಇಷ್ಟು ಕೋಪಗೊಂಡದ್ದನ್ನು ಮುಳ್ಳೂರರು ಕಂಡಿರಲಿಲ್ಲ. ಮುಷ್ಕರವೇ ಕಣ್ಣ ಮುಂದೆ ಬಂದಂತಾಗಿ ಬೆವರು ಒರೆಸಿಕೊಂಡರು.

"ನಾಲ್ಕು! ಪ್ರತಿ ಊರಲ್ಲೂ ವಿಶ್ರಾಂತಿ ಕೋಣೆ! ಇದಕ್ಕಿಂತ ಹೆಚ್ಚು ಆಗುವುದಿಲ್ಲ!"

ಬಲ್ಲಾಳರ ಗದ್ದ ನಿಧಾನವಾಗಿ ಇಳಿದು ಎದೆಗೆ ತಾಗಿತು. ತಲೆ ಬಾಗಿದ್ದಕ್ಕೆ ಒಪ್ಪಿಗೆ ಎಂದೇ ಅರ್ಥ. ಒಪ್ಪಂದಕ್ಕೆ ಸಹಿಯಾಯಿತು, ಸಹಿಗೆ ಮಾತ್ರ ನಾಗಲಾಂಬಿಕೆ ಅವರನ್ನು ಗುಟ್ಟಾಗಿ ತಟ್ಟಿ ಎಬ್ಬಿಸಬೇಕಾಯಿತು.

ನಡೆದದ್ದನ್ನು ನಾಗಲಾಂಬಿಕೆಯಿಂದ ಕೇಳಿದ ಸುವರ್ಣಾ ನಗಬೇಕೋ ಅಳಬೇಕೋ ತಿಳಿಯದೆ ಕೂತಳು. ಹಾರಾಟ ನಾಲ್ಕಕ್ಕಿಳಿದದ್ದಕ್ಕೆ ಸಂತೋಷವಾಗಿತ್ತು. ಎಚ್ಚರವಿದ್ದು ಏನನ್ನೂ ಗೆಲ್ಲದ ಮನುಷ್ಯ ಗೊರಕೆ ಹೊಡೆದು ಎಲ್ಲವನ್ನೂ ಗೆದ್ದು, ಕುರ್ಚಿಯನ್ನೂ ಉಳಿಸಿಕೊಂಡನಲ್ಲ ಎಂದು ಹೊಟ್ಟೆಯೂ ಉರಿಯುತ್ತಿತ್ತು. ಅವಳ ಗುಬ್ಬಿಯವರೇ ಬಲ್ಲಾಳರಿಗೆ ಹೂವಿನ ಹಾರ ಹಾಕಿ, 'ಮೌನವೀರ' ಎಂಬ ಬಿರುದು ಕೊಟ್ಟು ಬಂದರು.

ಮರುವರ್ಷದ ಮಾತುಕತೆ ಸಮೀಪಿಸಿತು. ಈ ಸಲ ದೊಡ್ಡ ವಿಮಾನದವರ ಸರದಿ: ದೇಶದೇಶ ಸುತ್ತಿ ಬಂದವರಿಗೆ ಮನೆಯಲ್ಲಿ ಇರಲು ಸಿಗುತ್ತಿದ್ದ ಎರಡು ದಿನವನ್ನು ಒಂದಕ್ಕೆ ಇಳಿಸಬೇಕೆಂದು ಆಡಳಿತ ಹೇಳಿತ್ತು. ಒಂದು ದಿನ ಬಲ್ಲಾಳರು ತಾವಾಗಿಯೇ ಸುವರ್ಣಾಳನ್ನು ಹುಡುಕಿಕೊಂಡು ಬಂದರು.

"ಹಾರ ಹಾಕಿ ನೋಡಿದೆ ಮಾರಾಯ್ತಿ. ನಾಲ್ಕು ಹಾರಾಟ ಆದ ಮೇಲೆ ನಿಮ್ಮವರೆಲ್ಲ ಚೆನ್ನಾಗಿ ಮಲಗಿ ಏಳ್ತಾರೆ. ನನಗೆ ನಿದ್ದೆಯೇ ಬರುವುದಿಲ್ಲ!"

"ಅದಕ್ಕೇನಾತ್ರಿ? ಎಚ್ಚರಿದ್ದು ಮಾತಾಡ್ರಿ."

"ಮಾತಾಡಿದರೆ ಸೋಲ್ತೇನೆ. ಅದು ನಿಮಗೂ ಗೊತ್ತುಂಟು." ಬಲ್ಲಾಳರು ತಲೆ ತಗ್ಗಿಸಿದರು. ಈ ಸಲ ಎಚ್ಚರವಾಗಿದ್ದೇ ತಗ್ಗಿಸಿದರು. "ಆ ದಿನ ನಿಮ್ಮ ದಣಿವು ನನ್ನ ಮೈಗೆ ಬಂತಲ್ಲ, ಸೀಸ ಹೊಯ್ದ ಹಾಗೆ ಆಗಿತ್ತು. ಇದನ್ನು ಹೊತ್ತುಕೊಂಡು ಹಾರ್ತಾರಲ್ಲ ಅಂತ ನಾಚಿಕೆಯಾಯ್ತು. ನಿಯಮ ತಿದ್ದಿಸಿದ್ದೇನೆ. ಕುರ್ಚಿ ನಿಮ್ಮದು. ನಾನು ಹಿಂದೆ ಒಂದು ಸ್ಟೂಲ್ ಹಾಕಿಕೊಂಡು ಕೂತ್ಕೊಳ್ತೇನೆ."

ಸುವರ್ಣಾ ಒಂದು ವಾರ ಕೂತು ಭಾಷಣ ಸಿದ್ಧಮಾಡಿದಳು. ಅದರಲ್ಲಿ ಆಡಳಿತಕ್ಕೆ ಬೈದಷ್ಟೇ ದೊಡ್ಡ ವಿಮಾನದವರಿಗೂ ಬೈದಿದ್ದಳು. ಹೋಟೆಲಿನಲ್ಲಿ ಕಾಲು ಚಾಚುವವರಿಗೆ ಎರಡು ದಿನ ರಜೆ ಯಾಕೆ ಎಂಬ ಮಾತೂ ಇತ್ತು.

ಆ ದಿನ ನಾಗಲಾಂಬಿಕೆ ಹಾರ ತೊಡಿಸಿದರು. ಸುವರ್ಣಾ ಎದ್ದು ನಿಂತು, "ಸನ್ಮಾನ್ಯ ನಿರ್ದೇಶಕರೇ," ಎಂದಳು. ಅಷ್ಟೇ. ಸಮುದ್ರದಾಚೆಯ ದಣಿವು ಅವಳ ಮೇಲೆ ಇಳಿಯಿತು. ಗುಬ್ಬಿಯ ದಣಿವು ಅವಳಿಗೆ ಪರಿಚಿತ. ಅದು ಕಾಲಿನದು, ಕಣ್ಣಿನದು, ಮಲಗಿ ಎದ್ದರೆ ಹೋಗುವಂಥದು. ಇದು ಬೇರೆ. ಹಗಲೋ ಇರುಳೋ ತಿಳಿಯದ ದೇಹ, ಯಾವ ಊರಿನಲ್ಲೂ ಸರಿಯಾಗಿ ನಿದ್ದೆಹೋಗದ ಕಣ್ಣು, ಮೆತ್ತನೆಯ ಹಾಸಿಗೆಯಲ್ಲಿ ಹೊರಳಿ ಹೊರಳಿ ತಿಂಗಳುಗಟ್ಟಲೆ ಕೂಡಿಬಿದ್ದ ಸುಸ್ತು. ಅವಳಿಗೆ ಅಯ್ಯೋ ಅನ್ನಿಸಿತು.

"ಪಾಪ ಅದಾರಲ್ರಿ ಇವರು..." ಎಂದು ಗೊಣಗುತ್ತ ಕುರ್ಚಿಗೆ ಕುಸಿದು ನಿದ್ದೆಹೋದಳು. ತಲೆ ಎಡಕ್ಕೆ ವಾಲಿತು.

ಮುಳ್ಳೂರರ ಮುಖ ಬಿಳಿಚಿಕೊಂಡಿತು. ಸಂಘದವರೆಲ್ಲ ಈ ವಿದ್ಯೆ ಕಲಿತುಬಿಟ್ಟರೆ? "ಬೇಡ ಬಿಡಿ, ಎರಡೇ ದಿನ ಇರಲಿ ಮೇಡಂ," ಎಂದರು.

ಸುವರ್ಣಾಳ ತಲೆ ನೆಟ್ಟಗಾಗಿ, ತೂಗಿ, ಒಪ್ಪಿಗೆ ಕೊಡುವಂತೆ ಮುಂದಕ್ಕೆ ಬೀಳತೊಡಗಿತು. ಹಿಂದಿನ ಸ್ಟೂಲಿನಲ್ಲಿದ್ದ ಬಲ್ಲಾಳರು ಥಟ್ಟನೆ ಕೈ ಚಾಚಿ ಎರಡು ಬೆರಳಲ್ಲಿ ಅವಳ ಗದ್ದವನ್ನು ತಡೆದು ಹಿಡಿದರು. ಮಗಳನ್ನು ಬಸ್ಸಿನಲ್ಲಿ ಮಲಗಿಸಿಕೊಂಡ ತಂದೆಯ ಹಾಗೆ, ಎಬ್ಬಿಸದಂತೆ ಮೆಲ್ಲಗೆ ಆ ತಲೆಯನ್ನು ಬಲಕ್ಕೆ ವಾಲಿಸಿದರು.

"ಮೂರು!" ಎಂದರು ಮುಳ್ಳೂರರು.

ಬಲ್ಲಾಳರು ಮೂಲೆಯಲ್ಲಿದ್ದ ನಾಗಲಾಂಬಿಕೆಯ ಕಡೆ ನೋಡಿದರು. ಆಕೆ ಮುಳ್ಳೂರರಿಗೆ ಕಾಣದಂತೆ ನಾಲ್ಕು ಬೆರಳು ತೋರಿಸಿದರು. ಬಲ್ಲಾಳರು ಗದ್ದದಿಂದ ಕೈ ತೆಗೆಯಲಿಲ್ಲ.